ಕೊಡೆಯ ಬುಡದ ಕಲ್ಲಿನ ಮೇಲೆ ಕೆಂಡ ಇಡಬೇಡಿ

ತಾರಸಿಯಲ್ಲಿ ದೊಡ್ಡ ಕೊಡೆ ಹಾಕಿಸಿಕೊಂಡವರು, ಹಾಕಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಹೋದ ಡಿಸೆಂಬರ್‌ನಲ್ಲಿ ನಮ್ಮನೆಯಲ್ಲಿ ಆದದ್ದು. ಅಕ್ಕನ ಮಗನ ಮೊಣಕಾಲಿನ ಕೆಳಗೆ ಇವತ್ತಿಗೂ ಹುಣಸೆ ಬೀಜದಷ್ಟು ಕಲೆ ಇದೆ.

ನಮ್ಮ ಮನೆ ಬೆಂಗಳೂರಿನ ದಕ್ಷಿಣಕ್ಕೆ, ಸುತ್ತ ಇನ್ನೂ ಖಾಲಿ ಸೈಟುಗಳಿರುವ ಕಡೆ. ಗಾಳಿ ಅಂದ್ರೆ ಗಾಳಿ. ಮೊದಲು ತಂದ ಕೊಡೆಗೆ ನೀರು ತುಂಬಿಸುವ ಪ್ಲಾಸ್ಟಿಕ್ ಬುಡ ಇತ್ತು. ಆಷಾಢದಲ್ಲಿ ಅದು ಬುಡಸಮೇತ ಹಾರಿ ಪಕ್ಕದ ಮನೆಯ ಟ್ಯಾಂಕಿಗೆ ಬಡಿಯಿತು. ಸರಿ, ಕಲ್ಲಿನದೇ ಮಾಡಿಸೋಣ ಅಂತ ಗ್ರಾನೈಟ್ ಅಂಗಡಿಗೆ ಹೋದೆವು. ಎರಡಡಿ ಚೌಕ, ಎರಡಿಂಚು ದಪ್ಪದ ಚಪ್ಪಡಿ, ಹತ್ತಿರ ಹತ್ತಿರ 50 ಕೆಜಿ. ನಡುವೆ ತೂತು ಕೊರೆದು, ಸ್ಟೀಲ್ ಪೈಪ್ ನಿಲ್ಲಿಸಿ, ಎಪಾಕ್ಸಿ ಗಮ್ ತುಂಬಿ ಕೊಟ್ಟರು. "ಕಲ್ಲು ಮೇಡಂ ಇದು. ಮಳೆ, ಬಿಸಿಲು, ಬೆಂಕಿ, ಏನಕ್ಕೂ ಜಗ್ಗಲ್ಲ" ಅಂದ ಅಂಗಡಿಯವನು. ನಾನೂ ತಲೆಯಾಡಿಸಿದೆ. ಅಡುಗೆಮನೆ ಕಟ್ಟೆಯ ಗ್ರಾನೈಟ್ ಮೇಲೆ ದಿನಾ ಕುಕ್ಕರ್ ಇಳಿಸ್ತೀವಿ, ಏನಾಗಿದೆ ಹೇಳಿ?

ಅವತ್ತು ಅಕ್ಕ, ಭಾವ, ಅವರ ಮಗ ಬಂದಿದ್ದರು. ಸಂಜೆ ತಾರಸಿ ತೊಳೆದು, ರಾತ್ರಿ ಸಿಗಡಿಯಲ್ಲಿ ಜೋಳ ಸುಟ್ಟು ತಿಂದೆವು. ಆಮೇಲೆ ಚಳಿ ಕಾಯಿಸೋಣ ಅಂತ ಕೆಂಡವನ್ನೆಲ್ಲ ಗಾರೆಯವರು ಬಿಟ್ಟುಹೋಗಿದ್ದ ಹಳೇ ಬಾಂಡ್ಲಿಗೆ ಸುರಿದೆವು. ಎಲ್ಲಿಡೋದು? ಟೈಲ್ಸ್ ಮೇಲಿಟ್ಟರೆ ಟೈಲ್ಸ್ ಹೋಗುತ್ತೆ. ಕಲ್ಲಿನ ಮೇಲಿಡಿ ಅಂತ ಹೇಳಿದ್ದು ನಾನೇ. ಇಬ್ಬನಿ ಬೀಳುತ್ತೆ ಅಂತ ಕೊಡೆಯನ್ನೂ ಬಿಚ್ಚೇ ಇಟ್ಟಿದ್ದೆವು. ಹುಡುಗ ತೆಂಗಿನ ಚಿಪ್ಪು ತಂದು ತಂದು ಹಾಕುತ್ತಿದ್ದ. ಚಿಪ್ಪಿನ ಕೆಂಡದ ಕಾವು ಗೊತ್ತಲ್ವಾ?

ಅರ್ಧ ಗಂಟೆ ಆಗಿರಬಹುದು. ಬಳೆ ಒಡೆದ ಹಾಗೆ ಸಣ್ಣಗೆ ಟಿಕ್ ಅಂತ ಸದ್ದು. ಯಾರೂ ಲಕ್ಷ್ಯ ಕೊಡಲಿಲ್ಲ. ಮತ್ತೆ ಟಿಕ್, ಟಿಕ್. ಆಮೇಲೆ ಗಮ್ ಸುಟ್ಟ ವಾಸನೆ. ತಲೆ ಎತ್ತಿ ನೋಡಿದರೆ ಕೊಡೆಯ ಕಂಬ ಒಂದು ಕಡೆ ವಾಲಿಕೊಂಡಿದೆ! ಭಾವನಿಗೆ ಗಾಬರಿ. ಮೂಲೆಯಲ್ಲಿದ್ದ ಬಕೆಟ್ ಎತ್ತಿ ಸುರಿದೇಬಿಟ್ಟರು. ಅರ್ಧ ನೀರು ಕೆಂಡಕ್ಕೆ, ಅರ್ಧ ಕಲ್ಲಿಗೆ.

ಢಮಾರ್ ಅಂತು. ಪಟಾಕಿ ಅಂದುಕೊಂಡು ಪಕ್ಕದ ಮನೆಯ ಆಂಟಿ ಬಾಗಿಲು ತೆಗೆದು ನೋಡಿದರಂತೆ. ಬಾಂಡ್ಲಿಯ ಅಂಚಿನಲ್ಲಿ ಕಲ್ಲಿನ ಮೇಲಿಂದ ಹಪ್ಪಳದ ಹಾಗೆ ಒಂದು ಪದರ ಎದ್ದು, ಅದರ ಚೂರು ಸಿಡಿದು ಹುಡುಗನ ಕಾಲಿಗೆ ಹೊಡೆಯಿತು. ಚಪ್ಪಡಿ ಮೂಲೆಯಿಂದ ನಡುವಿನ ತೂತಿನವರೆಗೆ ಸೀಳಿತು. ಪೈಪ್ ಸಡಿಲವಾಗಿ ಕೊಡೆ ನಿಧಾನಕ್ಕೆ ಮಲಗಿತು, ಅದರ ಅಂಚು ನೇರ ಬಾಂಡ್ಲಿಗೇ. ಪಾಲಿಯೆಸ್ಟರ್ ಬಟ್ಟೆ ಮೊದಲು ಉರಿಯಲಿಲ್ಲ. ಮುದುಡಿಕೊಂಡು ಮೇಣದ ಹಾಗೆ ತೊಟ್ಟಿಕ್ಕಿತು. ಒಂದು ಹನಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿದ್ದು ತೂತು ಮಾಡಿತು. ಐದೇ ನಿಮಿಷದ ಹಿಂದೆ ಅಕ್ಕ ಕೂತಿದ್ದ ಕುರ್ಚಿ. ಒದ್ದೆ ಗೋಣಿಚೀಲ ಹಾಕಿ ಆರಿಸಿದೆವು.

ವಾರ ಬಿಟ್ಟು ಬೇರೆ ಕಲ್ಲು ಕೇಳೋಕೆ ಹೋದಾಗ, ಅಲ್ಲಿದ್ದ ವಯಸ್ಸಾದ ಕಲ್ಲುಕೆಲಸದವರಿಗೆ ಈ ಕಥೆ ಹೇಳಿದೆ. ಅವರು ನಕ್ಕುಬಿಟ್ಟರು. "ಬಂಡೆಯಿಂದ ಚಪ್ಪಡಿ ಎಬ್ಬಿಸೋಕೆ ನಾವು ಬೆಂಕೀನೇ ಹಾಕ್ತಿದ್ವಲ್ಲಮ್ಮ!" ಹೌದಲ್ಲ! ಬಂಡೆಯ ಮೇಲೆ ಸೌದೆ ಉರಿಸುತ್ತಾ ಹೋದರೆ ಮೇಲಿನ ಪದರ ಹಿಗ್ಗಿ, ಕೆಳಗಿನ ತಣ್ಣನೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ನೂರು ವರ್ಷಕ್ಕಿಂತ ಹಿಂದಿನಿಂದ ನಡೆದು ಬಂದ ಕೆಲಸ ಅದು. ಕಾಲು ಜಾರದಿರಲಿ ಅಂತ ಮೆಟ್ಟಿಲಿಗೆ ಹಾಕುವ ಫ್ಲೇಮ್ಡ್ ಗ್ರಾನೈಟ್ ಇದೆಯಲ್ಲ, ಅದನ್ನೂ ಮೇಲ್ಮೈಗೆ ಗ್ಯಾಸ್ ಉರಿ ಹಿಡಿದು ಸಣ್ಣ ಚಕ್ಕೆ ಎಬ್ಬಿಸಿಯೇ ಒರಟು ಮಾಡುವುದು. ನಾವು ಅದೇ ಕೆಲಸವನ್ನು ಕೊಡೆಯ ಬುಡದಲ್ಲಿ, ಸುತ್ತ ಕೂತುಕೊಂಡು ಮಾಡಿದ್ದೆವು.

ಗ್ರಾನೈಟ್ ಒಂದೇ ವಸ್ತುವಲ್ಲ, ಬೇರೆ ಬೇರೆ ಖನಿಜದ ಹರಳುಗಳು ಒತ್ತಾಗಿ ಸೇರಿದ ಕಲ್ಲು. ಕಾವು ಏರಿದಾಗ ಒಂದೊಂದು ಹರಳು ಒಂದೊಂದು ಅಳತೆಯಲ್ಲಿ ಹಿಗ್ಗುತ್ತದೆ, ಬಿರುಕು ಅಲ್ಲಿಂದ ಶುರು. 573 ಡಿಗ್ರಿ ಸೆಲ್ಸಿಯಸ್‌ಗೆ ಅದರೊಳಗಿನ ಸ್ಫಟಿಕದ (ಕ್ವಾರ್ಟ್ಸ್) ಹರಳು ಒಳರಚನೆಯನ್ನೇ ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಕೆಂಪಗೆ ಕಾದ ಇದ್ದಿಲು ಇದನ್ನು ಸುಲಭವಾಗಿ ದಾಟುತ್ತದೆ. ಕುಕ್ಕರ್ ತಳ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ, ಅದಕ್ಕೇ ಅಡುಗೆಕಟ್ಟೆ ಉಳಿದುಕೊಂಡಿದೆ. ತೊಳೆದ ನೀರು ಸಂದಿಯಲ್ಲಿ ನಿಂತಿದ್ದರೆ ಆವಿಯಾಗಿ ಇನ್ನಷ್ಟು ಒತ್ತುತ್ತದೆ. ಕಾಂಕ್ರೀಟ್ ಬುಡಕ್ಕೂ ಇದೇ ಗತಿ. ಕಾದ ಕಲ್ಲಿಗೆ ತಣ್ಣೀರು ಸುರಿಯುವುದಂತೂ ಕೇಳಲೇಬೇಡಿ. ಭಾವ ಪಾಪ ಒಳ್ಳೇ ಉದ್ದೇಶದಿಂದ ಮಾಡಿದ್ದು, ಈಗಲೂ ಆ ಮಾತು ಎತ್ತಿದರೆ ಮುಖ ಸಣ್ಣಗೆ ಮಾಡ್ಕೋತಾರೆ.

ನಿಜ ಹೇಳಬೇಕಂದ್ರೆ ಕಲ್ಲಿಗಿಂತ ಮೊದಲು ಸೋತದ್ದು ಎಪಾಕ್ಸಿ. ಸಾಮಾನ್ಯ ಎಪಾಕ್ಸಿ ಸ್ವಲ್ಪ ಜಾಸ್ತಿ ಬಿಸಿಯಾದರೆ ಸಾಕು, ಮೆತ್ತಗಾಗುತ್ತದೆ. ಅದಕ್ಕೆ ಕಲ್ಲು ಒಡೆಯುವಷ್ಟು ಕಾವು ಬೇಕಿಲ್ಲ.

ಅಜ್ಜಿ ಬಳಪದ ಕಲ್ಲಿನ ಮರಿಗೆಯನ್ನು ಒಲೆ ಮೇಲಿಟ್ಟು ಹುಳಿ ಕುದಿಸುತ್ತಿದ್ದರಲ್ಲ ಅಂತ ನಮ್ಮಮ್ಮ ಕೇಳಿದರು. ಅದು ಬೇರೆ ಕಲ್ಲು. ಮೆದು, ಕಾವನ್ನು ಚೆನ್ನಾಗಿ ತಾಳುತ್ತದೆ. ಅದನ್ನೂ ಅಜ್ಜಿ ಮೊದಲು ದಿನಗಟ್ಟಲೆ ಪಳಗಿಸಿಯೇ ಒಲೆಗೆ ಏರಿಸುತ್ತಿದ್ದದ್ದು.

ಇನ್ನೊಂದು ವಿಷಯ. ಕಲ್ಲು ಅಂತ ಮಾರುವುದೆಲ್ಲ ಕಲ್ಲಲ್ಲ. ನಮ್ಮ ಗಲಾಟೆ ನೋಡಿದ ಮೇಲೆ ಪಕ್ಕದ ಆಂಟಿ ತಮ್ಮ ಕೊಡೆಯ ಬುಡ ತೋರಿಸಿದರು. ಬೂದು ಬಣ್ಣ, ಮೇಲೆ ಬಳ್ಳಿಯ ಕೆತ್ತನೆ, ನೋಡೋಕೆ ಥೇಟ್ ಕಲ್ಲು. ಮಗುಚಿ ಹಾಕಿ, ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಅಡಿಗೆ ಚುಚ್ಚಿದೆ. ಚುರ್ ಅಂತ ಒಳಗಿಳಿಯಿತು, ಮೂಗಿಗೆ ಪ್ಲಾಸ್ಟಿಕ್ ವಾಸನೆ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ ಮಾಲು ಅದು. ಇಂಥದ್ದು ಬಿರುಕು ಬಿಡುವುದಷ್ಟೇ ಅಲ್ಲ, ಕರೀ ಹೊಗೆ ಬಿಟ್ಟು ಉರಿಯಲೂಬಹುದು. ಆಂಟಿ ದೀಪಾವಳಿಗೆ ಅದರ ಮೇಲೇ ಸಾಲಾಗಿ ಹಣತೆ ಇಡುತ್ತಿದ್ದರಂತೆ.

ಕೊಡೆಗೆ ನಾವು ಈಗಲೂ ಗ್ರಾನೈಟ್ ಬುಡವನ್ನೇ ಹಾಕಿಸಿದ್ದೇವೆ. ಗಾಳಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಈ ಸಲ ಪೈಪಿನ ಅಡಿಗೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ, ಕಲ್ಲಿಗೆ ಬೋಲ್ಟ್ ಬಿಗಿಸಿದ್ದೇವೆ. ಸಿಗಡಿ ಹಚ್ಚುವ ದಿನ ಕೊಡೆ ಮಡಚಿ ಕಟ್ಟಿರುತ್ತದೆ. ಸಿಗಡಿಯ ಜಾಗ ತಾರಸಿಯ ಆಚೆ ಮೂಲೆಯಲ್ಲಿ, ಒಣ ಮರಳು ಹಾಕಿದ ತಗಡಿನ ತಟ್ಟೆಯ ಮೇಲೆ, ಕೊಡೆಯಿಂದ ಹತ್ತು ಹೆಜ್ಜೆ ದೂರ. ಬೂದಿಯನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ ಮಾರನೇ ದಿನ ಚೆಲ್ಲುತ್ತೇವೆ, ಯಾಕಂದ್ರೆ ಬೂದಿಯೊಳಗಿನ ಕೆಂಡ ಬೆಳಗ್ಗೆವರೆಗೂ ಜೀವ ಹಿಡಿದುಕೊಂಡಿರುತ್ತದೆ. ಕೆಂಡ ಆರಿಸೋಕೆ ನೀರಿನ ಬದಲು ಒಂದು ಬಕೆಟ್ ಮರಳು ಪಕ್ಕದಲ್ಲೇ ಇರುತ್ತದೆ. ಭಾವ ಬಂದಾಗಲೆಲ್ಲ ಮೊದಲು ನೋಡುವುದು ಆ ಬಕೆಟ್ಟನ್ನೇ.