ವಿನೋಬನಗರದ ಪುಟ್ಟ ಗ್ಯಾರೇಜು, ನನ್ನ ಬೈಕಿನ ಬ್ರೇಕು

ಎರಡನೇ ಮತ್ತು ನಾಲ್ಕನೇ ಶನಿವಾರ ನಮ್ಮ ಬ್ಯಾಂಕಿಗೆ ರಜೆ. ಆ ದಿನ ಬೆಳಿಗ್ಗೆ ಆರಕ್ಕೆಲ್ಲ ಬೈಕು ಹೊರಗೆ ತೆಗೆದಿರುತ್ತೇನೆ. ಕುಂದಾಪುರದಲ್ಲಿ ತಂಗಿ ಮನೆ ಇದೆ. ಹೋಗುವಾಗ ಆಗುಂಬೆ ಘಾಟಿ, ಬರುವಾಗ ಹುಲಿಕಲ್ ಘಾಟಿ. ಆಗುಂಬೆ ಮೇಲೆ ಹೋದರೆ ಸುತ್ತು ಜಾಸ್ತಿ, ಆದರೂ ಆ 14 ತಿರುವು ಇಳಿಯದೆ ನನಗೆ ಸಮಾಧಾನವಿಲ್ಲ. ಬೈಕು 2017ರದ್ದು, 150 ಸಿಸಿ. ಮುಂದೆ ಡಿಸ್ಕ್, ಹಿಂದೆ ಡ್ರಮ್.

ಸೆಪ್ಟೆಂಬರಿನ ಒಂದು ಶನಿವಾರ ಅದೇ ಇಳಿಜಾರಿನಲ್ಲಿ ಮುಂದಿನ ಬ್ರೇಕು ಕೈಕೊಟ್ಟಿತು. ನನ್ನ ಮುಂದೆ ಪ್ರವಾಸಿಗರ ಟೆಂಪೊ ಟ್ರಾವೆಲರ್ ಮೆಲ್ಲಗೆ ಇಳಿಯುತ್ತಿತ್ತು. ಅದರ ಹಿಂದೆ ನಾನು, ಬ್ರೇಕಿನ ಮೇಲಿಂದ ಬೆರಳು ತೆಗೆಯದೆ. ಎಂಟನೆಯದೋ ಒಂಬತ್ತನೆಯದೋ ತಿರುವು. ಲಿವರ್ ಹಿಡಿದೆ, ಅದು ಸೀದಾ ಹ್ಯಾಂಡಲ್ಲಿಗೆ ಬಂದು ತಾಗಿತು. ಒದ್ದೆ ಸ್ಪಂಜು ಹಿಂಡಿದ ಹಾಗೆ, ಹಿಡಿತವೇ ಇಲ್ಲ. ಹಿಂದಿನ ಬ್ರೇಕು ತುಳಿದು, ಗೇರು ಒಂದಕ್ಕೆ ಇಳಿಸಿ, ಹೇಗೋ ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದೆ. ಕೈಕಾಲು ನಡುಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಹಿಡಿದು ನೋಡಿದರೆ ಲಿವರ್ ಮತ್ತೆ ಗಟ್ಟಿ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ! ನನಗೆ ಜಾಸ್ತಿ ಹೆದರಿಕೆ ಆಗಿದ್ದು ಆಗಲೇ.

ಅದಕ್ಕೆ ಮೂರು ವಾರ ಮೊದಲಷ್ಟೇ ಒಂದು ದೊಡ್ಡ ಕಡೆ ಸರ್ವೀಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ ಬ್ರೇಕ್ ಚೆಕ್ ಅಂತ ಟಿಕ್ ಇತ್ತು. ಮತ್ತೆ ಅಲ್ಲಿಗೇ ಒಯ್ದೆ. ಅಂಗಳದಲ್ಲಿ ಒಂದು ಸುತ್ತು ಹೊಡೆದು ಸರಿಯಿದೆ ಅಂದರು. ಆಮೇಲೆ ನನ್ನ ಜೊತೆ ಬಂದಿದ್ದ ಯಜಮಾನರ ಕಡೆ ತಿರುಗಿ, "ಮೇಡಂ ಬ್ರೇಕು ಜಾಸ್ತಿ ಹಿಡೀತಾರಾ ಸಾರ್?" ಅಂತ ಕೇಳಿದರು. ಬೈಕು ನನ್ನದು, ಓಡಿಸುವುದೂ ನಾನೇ. ನಮ್ಮ ಯಜಮಾನರಿಗೆ ಗೇರಿನ ಗಾಡಿ ಬರುವುದೇ ಇಲ್ಲ. ಇವತ್ತಿಗೂ ಆ ಮಾತು ನೆನಪಾದರೆ ಸಿಟ್ಟು ಬರುತ್ತದೆ.

ಈ ಗ್ಯಾರೇಜಿನ ವಿಷಯ ಹೇಳಿದ್ದು ನಮ್ಮ ಬ್ರಾಂಚಿನ ಕ್ಯಾಷಿಯರ್. ಶಿವಮೊಗ್ಗದ ವಿನೋಬನಗರದ ಒಂದು ಒಳರಸ್ತೆ, ಒಂದು ಶಟರಿನ ಅಂಗಡಿ, ಮುಂದೆ ತಗಡಿನ ಮಾಡು. ಬೋರ್ಡಿನ ಅಕ್ಷರ ಮಳೆಗೆ ಅಳಿಸಿಹೋಗಿದೆ. ಹೆಸರು ಹಾಕುವುದು ಬೇಡ, ಇರುವ ಕೆಲಸವೇ ಸಾಕಾಗಿದೆ ಅಂದರು, ಹಾಗಾಗಿ ಹಾಕುತ್ತಿಲ್ಲ. ಮೆಕ್ಯಾನಿಕ್‌ಗೆ ಐವತ್ತರ ಹತ್ತಿರ ವಯಸ್ಸಿರಬಹುದು. ಜೊತೆಗೆ ಒಬ್ಬ ಹುಡುಗ.

ಅವರು ಮೊದಲು ಬೈಕು ಮುಟ್ಟಲಿಲ್ಲ, ನನ್ನನ್ನು ಕೇಳಿದರು. ಎಷ್ಟು ಹೊತ್ತು ಬ್ರೇಕು ಹಿಡಿದಿದ್ರಿ, ಯಾವ ಗೇರಿನಲ್ಲಿದ್ರಿ, ಲಿವರ್ ಒಮ್ಮೆಲೇ ಮೆತ್ತಗಾಯ್ತಾ, ನಿಧಾನವಾಗಿಯಾ? ಎಲ್ಲ ಕೇಳಿಸಿಕೊಂಡು, "ಆಯಿಲ್ ಕುದ್ದಿದೆ ಅಕ್ಕ" ಅಂದರು. ನನಗೆ ಅರ್ಥವಾಗಲಿಲ್ಲ. "ಬನ್ನಿ, ತೋರಿಸ್ತೀನಿ" ಅಂತ ಹತ್ತಿರ ಕರೆದರು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದಂತೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಕಡಿಮೆ? ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಬಿಸಿ ಬೇಕು. ನೀರು ಸೇರುತ್ತಾ ಹೋದ ಹಾಗೆ ಅದು 155ರ ಆಸುಪಾಸಿಗೆ ಇಳಿದುಬಿಡಬಹುದು. ಇಳಿಜಾರಿನಲ್ಲಿ ಒಂದೇ ಸಮ ಬ್ರೇಕು ಹಿಡಿದರೆ ಡಿಸ್ಕು ಕಾಯುತ್ತದೆ, ಆ ಕಾವು ಆಯಿಲ್ಲಿಗೆ ಏರುತ್ತದೆ, ಒಳಗೆ ಆವಿ ಗುಳ್ಳೆ ಏಳುತ್ತದೆ. ಆಯಿಲ್ ಅದುಮಲು ಬರುವುದಿಲ್ಲ, ಗುಳ್ಳೆ ಅದುಮಿಕೊಳ್ಳುತ್ತದೆ. ಅದಕ್ಕೇ ಲಿವರ್ ಒಳಗೆ ಹೋಗುವುದು. ಆರಿದ ಮೇಲೆ ಗುಳ್ಳೆ ಇಲ್ಲ, ಲಿವರ್ ಗಟ್ಟಿ. ಅಂಗಳದಲ್ಲಿ ಒಂದು ಸುತ್ತು ಹೊಡೆದರೆ ಇದು ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿದರು. ಈ ಆಯಿಲ್ ಬಿದ್ದರೆ ಪೇಂಟು ಏಳುತ್ತದೆ. ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ನ ನಿಪ್ಪಲ್ಲಿಗೆ, ಅಂದರೆ ಆಯಿಲ್ ಹೊರಬಿಡುವ ತಿರುಪಿಗೆ, ತೆಳ್ಳನೆಯ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿ ಗಾಜಿನ ಬಾಟಲಿಗೆ ಇಟ್ಟರು. ಹುಡುಗ ಟೀ ತರಲು ಹೋಗಿದ್ದ, ಲಿವರ್ ಹಿಡಿಯುವ ಕೆಲಸ ನನಗೆ ಬಂತು. "ಹಿಡೀರಿ ಅಕ್ಕ." ಹಿಡಿದೆ. ನಿಪ್ಪಲ್ ಕಾಲು ಸುತ್ತು ಸಡಿಲಿಸಿದರು, ಲಿವರ್ ಕುಸಿಯಿತು. ಬಿಗಿ ಮಾಡಿ, "ಈಗ ಬಿಡಿ." ಹೀಗೆ ಎಷ್ಟೋ ಸಲ. ಪೈಪಿನಲ್ಲಿ ಬಂದಿದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು, ನಡುನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಪಕ್ಕದಲ್ಲಿ ಹೊಸ ಆಯಿಲ್ ಡಬ್ಬಿ, ಅದರದ್ದು ತಿಳಿಜೇನಿನ ಬಣ್ಣ. ಕೊನೆಗೆ ಪೈಪಿನಲ್ಲೂ ಅದೇ ಬಣ್ಣ ಬಂತು, ಗುಳ್ಳೆ ನಿಂತವು. ನನ್ನ ಬೆರಳಿನ ಕೆಳಗೇ ಲಿವರ್ ಗಟ್ಟಿಯಾಗುತ್ತಾ ಬಂದದ್ದು ಗೊತ್ತಾಯಿತು. ಎಂಟು ವರ್ಷದಲ್ಲಿ ಈ ಬೈಕಿನ ಒಳಗು ನನಗೆ ಯಾರೂ ಹೀಗೆ ತೋರಿಸಿರಲಿಲ್ಲ.

ಮುಂದಿನ ಬ್ರೇಕ್ ಪ್ಯಾಡ್ ಸವೆದಿತ್ತು, ಬದಲಾಯಿಸಿದರು. ಹಿಂದಿನ ಡ್ರಮ್ಮು ಬಿಚ್ಚಿ ಧೂಳು ತೆಗೆದರು. ಮುಂದಿನ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿ ಓದಿಸಿದರು: 1417. ಅಂದರೆ 2017ರ 14ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗುಂಡಿ ಇನ್ನೂ ಸವೆದಿರಲಿಲ್ಲ, ನಾನು ಅಷ್ಟನ್ನೇ ನೋಡಿಕೊಂಡಿದ್ದೆ. ಅವರು ಉಗುರು ಒತ್ತಿ ತೋರಿಸಿದರು, ಗುರುತೇ ಬೀಳಲಿಲ್ಲ. ರಬ್ಬರು ಕಲ್ಲಾಗಿದೆ, ಪಾಚಿ ಮೇಲೆ ಇದು ನಿಲ್ಲಲ್ಲ ಅಂದರು. ಅವರಲ್ಲಿ ಟೈರು ಮಾರುವುದಿಲ್ಲ. ಲಾಭಕ್ಕೆ ಹೇಳಿದ ಮಾತಲ್ಲ ಅದು. ಮಾರನೇ ದಿನವೇ ಬೇರೆ ಕಡೆ ಹೊಸದು ಹಾಕಿಸಿದೆ.

ಪ್ಯಾಡ್, ಆಯಿಲ್, ಕೂಲಿ ಎಲ್ಲ ಸೇರಿ 780 ರೂಪಾಯಿ ಆಯಿತು. ಹಳೇ ಪ್ಯಾಡ್ ಕೈಗೆ ಕೊಟ್ಟರು.

ಕೊರತೆಯೂ ಇದೆ, ಹೇಳಿಬಿಡುತ್ತೇನೆ. ಫೋನು ಎತ್ತುವುದು ಅಪರೂಪ. ಒಂದು ಗಂಟೆ ಅಂದರೆ ಮೂರು ಗಂಟೆ. ಕೂರಲು ಒಂದೇ ಸ್ಟೂಲು, ಮಳೆ ಜೋರಾದರೆ ಮಾಡು ಸೋರುತ್ತದೆ. ಬಿಲ್ಲು ಬೇಕೆಂದರೆ ಕಾಗದದ ಚೂರಿನ ಮೇಲೆ ಬರೆದು ಕೊಡುತ್ತಾರೆ. ಫ್ಯೂಯಲ್ ಇಂಜೆಕ್ಷನ್, ಸೆನ್ಸರ್ ತೊಂದರೆಗೆ ಕೈ ಹಾಕುವುದಿಲ್ಲ, ಅದು ನನಗೆ ಬರಲ್ಲ ಅಂತ ನೇರವಾಗಿ ಹೇಳಿ ಬೇರೆಯವರ ಹತ್ತಿರ ಕಳಿಸುತ್ತಾರೆ. ಈ ಕೊನೆಯದನ್ನು ನಾನು ಕೊರತೆ ಅನ್ನುವುದಿಲ್ಲ.

ನಾಲ್ಕನೇ ಶನಿವಾರ ಮತ್ತೆ ಹೊರಟೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಬರುವಷ್ಟರಲ್ಲಿ ತುಂಗೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ತೀರ್ಥಹಳ್ಳಿಯಲ್ಲಿ ತಿಂಡಿ. ಆಗುಂಬೆಯಲ್ಲಿ ಹನಿ ಮಳೆ. ಘಾಟಿ ಇಳಿಯುವ ಮುಂಚೆ ಮೆಕ್ಯಾನಿಕ್ ಹೇಳಿದ್ದು ನೆನಪಿತ್ತು: ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು, ಬ್ರೇಕು ಹಿಡಿದು ಬಿಡಿ, ಹಿಡಿದೇ ಇರಬೇಡಿ. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆದುಕೊಂಡು ಹೋಯಿತು. ತಿರುವಿಗೆ ಮೊದಲು ಒಮ್ಮೆ ಬ್ರೇಕು, ಅಷ್ಟೇ. ಒಂದು ಕಡೆ ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿತ್ತು, ಇನ್ನೊಂದು ಕಡೆ ಮಂಗಗಳು ತಡೆಗೋಡೆಯಿಂದ ಇಳಿದು ಎದುರಿಗೇ ಕೂತವು. ಎರಡೂ ಸಲ ನಾನು ಬಯಸಿದ ಜಾಗದಲ್ಲೇ ಬೈಕು ನಿಂತಿತು. ಎಂಟು, ಒಂಬತ್ತು ದಾಟುವಾಗ ಎದೆ ಡವಗುಟ್ಟಿದ್ದು ನಿಜ. ಸೋಮೇಶ್ವರಕ್ಕೆ ಬಂದು ಲಿವರ್ ಹಿಡಿದು ನೋಡಿದೆ, ಮನೆ ಬಿಡುವಾಗ ಇದ್ದಷ್ಟೇ ಗಟ್ಟಿ. ತಂಗಿಗೆ ಅಲ್ಲಿಂದಲೇ ಫೋನು ಮಾಡಿದೆ.

ಹೋಗುವವರು ವಾರದ ನಡುವೆ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಹಳೇ ಬಿಲ್ಲು ನೋಡಿಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದು. ನನ್ನ ಬೈಕಿನಲ್ಲೇ ಇರುವ ಬ್ರೇಕ್ ಆಯಿಲ್ ಡಬ್ಬಿಯ ಪಕ್ಕ ಬಿಳಿ ಪಟ್ಟಿ ಅಂಟಿಸಿ, ಮಾರ್ಕರಿನಲ್ಲಿ ಬದಲಿಸಿದ ತಾರೀಕು ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ತಾರೀಕು, ಸರಿಯಾಗಿ ಎರಡು ವರ್ಷದ ಮುಂದಿನದು.