ರಾಯಲ್ ಹೈಸ್ಕೂಲ್, ಎಡಿನ್‌ಬರೋ: ಇತಿಹಾಸ ಆಮೇಲೆ, ಮೊದಲು ಗೋಡೆ

ಸ್ಕಾಟ್‌ಲೆಂಡಿನ ಈ ಸರ್ಕಾರಿ ಶಾಲೆಗೆ ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಪೂರ್ತಿ ಕಟ್ಟಡದ ಲೆಕ್ಕಕ್ಕೆ.

1128ರಲ್ಲಿ ಹೋಲಿರೂಡ್ ಮಠದ ಜೊತೆ ಶುರುವಾದ ಮೂಲ, ಇಲ್ಲಿ ಓದಿದ ವಾಲ್ಟರ್ ಸ್ಕಾಟ್ ಮತ್ತು ಅಲೆಕ್ಸಾಂಡರ್ ಗ್ರಹಾಂ ಬೆಲ್: ಇದನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ಒಂದು ಗೊಂದಲ ಮಾತ್ರ ಬಿಡಿಸಬೇಕು. ಊರಿನ ನಡುವಿನ ಕ್ಯಾಲ್ಟನ್ ಹಿಲ್ ಗುಡ್ಡದ ಮೇಲಿನ ಗ್ರೀಕ್ ದೇಗುಲದಂಥ ಕಟ್ಟಡ, ಥಾಮಸ್ ಹ್ಯಾಮಿಲ್ಟನ್ ವಿನ್ಯಾಸದ್ದು, 1829ರದು, ಈಗಿನ ಶಾಲೆಯಲ್ಲ. 1968ರಲ್ಲಿ ಶಾಲೆ ಊರಿನ ವಾಯವ್ಯ ಅಂಚಿನ ಬಾರ್ನ್‌ಟನ್‌ಗೆ ಬಂತು. 1973ರಲ್ಲಿ ಹುಡುಗಿಯರಿಗೂ ಪ್ರವೇಶ ಸಿಕ್ಕಿತು, ಸುತ್ತಲಿನ ಬಡಾವಣೆಗಳ ಮಕ್ಕಳೆಲ್ಲರ ಸರ್ಕಾರಿ ಶಾಲೆಯಾಯಿತು. ಹಳೆಯ ಕಾಲದಿಂದ ಉಳಿದು ಬಂದದ್ದರಲ್ಲಿ ಹೌಸ್‌ಗಳ ಹೆಸರು ಚಂದ: ಆಂಗಲ್ಸ್, ಬ್ರಿಟನ್ಸ್, ಪಿಕ್ಟ್ಸ್, ಸ್ಕಾಟ್ಸ್.

ಈಗ ಗೋಡೆಯ ವಿಷಯ. 2000ರ ದಶಕದ ಆರಂಭದಲ್ಲಿ ನಗರದ ಹಲವು ಶಾಲೆಗಳ ಜೊತೆ ಇದೂ ಪಿಪಿಪಿ (ಸರ್ಕಾರ-ಖಾಸಗಿ ಸಹಭಾಗಿತ್ವ) ಗುತ್ತಿಗೆಯಲ್ಲಿ ನವೀಕರಣಗೊಂಡಿತು. 2016ರ ಜನವರಿಯ ಬಿರುಗಾಳಿಗೆ ಅದೇ ಗುತ್ತಿಗೆಯ ಆಕ್ಸ್‌ಗ್ಯಾಂಗ್ಸ್ ಪ್ರೈಮರಿ ಶಾಲೆಯ ಹೊರಗೋಡೆಯ ಸುಮಾರು ಒಂಬತ್ತು ಟನ್ ಇಟ್ಟಿಗೆ ಕುಸಿದು ಬಿತ್ತು. ಮಕ್ಕಳು ಅಲ್ಲಿರದ ಹೊತ್ತು, ಅಷ್ಟೇ ಪುಣ್ಯ. ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಮುಗಿಯುವಾಗ ಅದೇ ಗುತ್ತಿಗೆಯ 17 ಶಾಲೆಗಳಿಗೆ ಬೀಗ ಬಿತ್ತು. ರಾಯಲ್ ಹೈ ಅವುಗಳಲ್ಲಿ ಒಂದು. ಬೋರ್ಡ್ ಪರೀಕ್ಷೆ ಇನ್ನೇನು ಶುರುವಾಗುವ ವಾರಗಳವು.

ದೋಷ ಏನೆಂದು ಪ್ರತಿ ಪೋಷಕರಿಗೂ ಗೊತ್ತಿರಬೇಕು. ಈ ಶಾಲೆಗಳ ಹೊರಗೋಡೆ ಎರಡು ಪದರದ್ದು: ಒಳಗೆ ಕಾಂಕ್ರೀಟ್ ಬ್ಲಾಕ್, ಹೊರಗೆ ಇಟ್ಟಿಗೆ, ನಡುವೆ ಖಾಲಿ ಜಾಗ. ವರಸೆ ಕಟ್ಟುತ್ತಾ ಹೋದಂತೆ ಗಾರೆಯೊಳಗೆ ಸ್ಟೀಲ್ ಕಂಬಿಗಳನ್ನು ಅಡ್ಡಕ್ಕೆ ಇಟ್ಟು ಎರಡು ಪದರಗಳನ್ನು ಬಿಗಿಯಬೇಕು. ಕಂಬಿಯ ತುದಿ ಗಾರೆಯೊಳಗೆ ಕನಿಷ್ಠ 50 ಮಿಲಿಮೀಟರ್ ಕೂರಬೇಕು. ನಡುವಿನ ಜಾಗ ನಕ್ಷೆಗಿಂತ ಅಗಲವಾದರೆ ಕಂಬಿಯ ಉದ್ದ ಸಾಲದು, ತುದಿ ಅಂಚಿನಲ್ಲಷ್ಟೇ ಸಿಕ್ಕಿಕೊಳ್ಳುತ್ತದೆ. ಗಾಳಿ ಗೋಡೆಯನ್ನು ತಳ್ಳುವುದಷ್ಟೇ ಅಲ್ಲ, ಹೊರಕ್ಕೆ ಎಳೆಯುತ್ತದೆ ಕೂಡ. ಆ ಎಳೆತಕ್ಕೆ ಹೊರಪದರ ಕಿತ್ತು ಬರುತ್ತದೆ. ಗೋಡೆಯ ತಲೆಭಾಗವನ್ನು ಉಕ್ಕಿನ ಚೌಕಟ್ಟಿಗೆ ಹಿಡಿಸುವ ಬಿಗಿಗಳೂ ಹಲವೆಡೆ ಇರಲೇ ಇಲ್ಲ. ವಾಸ್ತುಶಿಲ್ಪಿ ಜಾನ್ ಕೋಲ್ ನಡೆಸಿದ ತನಿಖೆಯ ವರದಿ 2017ರ ಫೆಬ್ರವರಿಯಲ್ಲಿ ಬಂತು. ಅದು ಎತ್ತಿ ಹೇಳಿದ್ದು ಇದನ್ನೇ: ಕಟ್ಟುವಾಗ ಪಕ್ಕದಲ್ಲಿ ನಿಂತು ನೋಡುವ ಸ್ವತಂತ್ರ ತಪಾಸಣೆ ಸಾಲದಾಗಿತ್ತು. ಕಟ್ಟಿ ಮುಗಿದ ಮೇಲೆ ಈ ದೋಷ ಬರಿಗಣ್ಣಿಗೆ ಕಾಣದು. ಗೋಡೆಗೆ ತೂತು ಕೊರೆದು ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. 1128ರ ಹೆಸರು ಹೊತ್ತ ಶಾಲೆಯ ಗೋಡೆ ಹದಿನೈದು ವರ್ಷವೂ ನಂಬಿಕೆ ಉಳಿಸಿಕೊಳ್ಳಲಿಲ್ಲ ಎಂಬುದು ಇವತ್ತಿಗೂ ಸಿಟ್ಟು ತರಿಸುತ್ತದೆ.

ದುರಸ್ತಿ ಮುಗಿಸಿಯೇ ಬಾಗಿಲು ತೆರೆದರು, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಸಂಶಯ ಉಳಿದಿದ್ದರೆ ಸ್ಕಾಟ್‌ಲೆಂಡಿನ ಮಾಹಿತಿ ಹಕ್ಕು ಕಾಯ್ದೆಯಡಿ ಶಾಲೆಗಳನ್ನು ನಡೆಸುವ ನಗರ ಕೌನ್ಸಿಲ್‌ಗೆ ಒಂದು ಇಮೇಲ್ ಹಾಕಿ, ನಿಮ್ಮ ಶಾಲೆಯ ಗೋಡೆ ಸಮೀಕ್ಷೆ ಮತ್ತು ದುರಸ್ತಿ ದಾಖಲೆ ಕೇಳಿ. 20 ಕೆಲಸದ ದಿನಗಳೊಳಗೆ ಉತ್ತರಿಸುವುದು ಅವರ ಕರ್ತವ್ಯ.

ಗೋಡೆಯಿಂದ ಒಳಗೆ ಬಂದರೆ ಮನಸ್ಸು ಮೆತ್ತಗಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಜೂನ್ ತಿಂಗಳು. ಪರೀಕ್ಷೆ ಮೇ ಅಂತ್ಯದ ಹೊತ್ತಿಗೆ ಮುಗಿಯುತ್ತದೆ, ಬೇಸಿಗೆ ರಜೆ ಜೂನ್ ಕೊನೆಗೆ. ನಡುವಿನ ವಾರಗಳನ್ನು ಹಾಳುಮಾಡದೆ ಮುಂದಿನ ವರ್ಷದ ಟೈಮ್‌ಟೇಬಲ್ ಆಗಲೇ ಶುರು ಮಾಡುತ್ತಾರೆ. ಹೊಸ ವಿಷಯ, ಹೊಸ ಮೇಷ್ಟ್ರು ಪರಿಚಯವಾಗುತ್ತಾರೆ. ಆಯ್ಕೆ ತಪ್ಪಾಯಿತು ಅನ್ನಿಸಿದರೆ ರಜೆಗೆ ಮುಂಚೆಯೇ ಹೇಳಿ ಬದಲಾಯಿಸಿಕೊಳ್ಳುವುದು ಸುಲಭ. ಆಗಸ್ಟ್‌ವರೆಗೆ ಕಾದರೆ ಸೀಟು ತುಂಬಿರುತ್ತದೆ. ಪ್ರಯೋಗದ ವಿಷಯಗಳಿಗೆ ತರಗತಿಗೆ 20 ಮಕ್ಕಳೇ ಮಿತಿ, ಹಾಗಾಗಿ ಅಲ್ಲಿ ಬೇಗ ಜಾಗ ಮುಗಿಯುತ್ತದೆ. ಬೋರ್ಡ್ ಪರೀಕ್ಷೆಗಳ ಕ್ರಮ ಹೀಗೆ: ಎಸ್-4ರಲ್ಲಿ (ಹೈಸ್ಕೂಲಿನ ನಾಲ್ಕನೇ ವರ್ಷ) ನ್ಯಾಷನಲ್ 5, ಎಸ್-5ರಲ್ಲಿ ಹೈಯರ್, ಕೊನೆಯ ವರ್ಷ ಎಸ್-6ರಲ್ಲಿ ಅಡ್ವಾನ್ಸ್‌ಡ್ ಹೈಯರ್. ಪಿಯುಸಿಯ ಎರಡನೇ ವರ್ಷವೇ ನಿರ್ಣಾಯಕ ಎಂಬ ಲೆಕ್ಕದಲ್ಲಿ ಬಂದ ಪೋಷಕರು ಕೊನೆಯ ವರ್ಷಕ್ಕೆಂದು ಶಕ್ತಿ ಕೂಡಿಟ್ಟರೆ ಕೆಡುತ್ತದೆ. ವಿಶ್ವವಿದ್ಯಾಲಯಗಳು ಮೊದಲು ನೋಡುವುದು ಎಸ್-5ರ ಹೈಯರ್ ಅಂಕಗಳನ್ನು.

ಶುಕ್ರವಾರ ಮಧ್ಯಾಹ್ನಕ್ಕೇ ಶಾಲೆ ಮುಗಿಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ತಲೆನೋವು, ಎಸ್-1 ಮಕ್ಕಳಿದ್ದರೆ ಇನ್ನೂ. ಬಸ್ಸಿಗೆ ಮಾತ್ರ ಕಾಸು ಬೇಡ: 2022ರ ಜನವರಿ 31ರಿಂದ ಸ್ಕಾಟ್‌ಲೆಂಡಿನಲ್ಲಿ 22 ತುಂಬದವರಿಗೆ ಉಚಿತ. ಆದರೆ ಯಂಗ್ ಸ್ಕಾಟ್ ಕಾರ್ಡ್ ಕೈಯಲ್ಲಿರಬೇಕು, ಅರ್ಜಿಯನ್ನು ಶಾಲೆ ಶುರುವಾಗುವ ವಾರಕ್ಕೆ ಇಟ್ಟುಕೊಳ್ಳಬೇಡಿ. ವಾದ್ಯ ಕಲಿಕೆಗೂ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ. ಖಾಸಗಿ ಶಾಲೆಗಳ ಫೀಸಿನ ಮೇಲೆ 2025ರ ಜನವರಿಯಿಂದ 20 ಶೇಕಡಾ ವ್ಯಾಟ್ ಬಿದ್ದ ಮೇಲೆ, ಸಂಬಳದಲ್ಲಿ ಬದುಕುವ ಮನೆಗೆ ಸರ್ಕಾರಿ-ಖಾಸಗಿ ಹೋಲಿಕೆ ಇನ್ನೂ ಸ್ಪಷ್ಟ.

ಸೇರಿಸುವವರಿಗೆ: ಕ್ರಾಮಂಡ್, ಡೇವಿಡ್‌ಸನ್ಸ್ ಮೇನ್ಸ್, ಬ್ಲ್ಯಾಕ್‌ಹಾಲ್, ಕ್ಲರ್ಮಿಸ್ಟನ್ ಪ್ರೈಮರಿಗಳ ಮಕ್ಕಳು ಸಹಜವಾಗಿ ಇಲ್ಲಿಗೆ ಬರುತ್ತಾರೆ. ಮನೆ ಬಾಡಿಗೆಗೆ ಸಹಿ ಹಾಕುವ ಮುನ್ನ ಆ ವಿಳಾಸದ ಕ್ಯಾಚ್‌ಮೆಂಟ್ (ಶಾಲೆಗೆ ಸೇರಿದ ಪ್ರದೇಶ) ಯಾವುದೆಂದು ಕೌನ್ಸಿಲ್ ನಕ್ಷೆಯಲ್ಲಿ ನೋಡಿ. ರಸ್ತೆಯ ಆ ಬದಿ ಈ ಬದಿಗೇ ಶಾಲೆ ಬದಲಾಗಬಹುದು. ಕ್ಯಾಚ್‌ಮೆಂಟ್ ಹೊರಗಿನವರಾದರೆ ಈ ಶಾಲೆಯೇ ಬೇಕೆಂದು ಕೇಳುವ ಪ್ಲೇಸಿಂಗ್ ರಿಕ್ವೆಸ್ಟ್ ಅರ್ಜಿ ಡಿಸೆಂಬರ್ 24ರೊಳಗೆ ಹೋಗಬೇಕು, ನಿರ್ಧಾರ ಏಪ್ರಿಲ್ ಕೊನೆಯೊಳಗೆ ಬರುತ್ತದೆ. ಇಲ್ಲ ಎಂದರೆ ಮೇಲ್ಮನವಿಗೆ 28 ದಿನ ಇದೆ.