‘ಡ್ರೈವ್’ ಪದದ ಮೂಲಕ ಒಂದು ನಿಘಂಟು ಆ್ಯಪ್‌ನ ಪರೀಕ್ಷೆ

ಯಾವ ಹೊಸ ನಿಘಂಟು ಕೈಗೆ ಬಂದರೂ ನಾನು ಮೊದಲು ಹುಡುಕುವುದು ‘ಡ್ರೈವ್’ ಎಂಬ ಕ್ರಿಯಾಪದವನ್ನು. ವಾಹನ ಓಡಿಸುವುದು ಎಂಬ ಅರ್ಥ ಎಲ್ಲರಿಗೂ ಗೊತ್ತಿರುವುದರಿಂದ, ಅದರಾಚೆಗೆ ನಿಘಂಟುಕಾರರು ಎಷ್ಟು ಶ್ರಮಪಟ್ಟಿದ್ದಾರೆಂಬುದು ಆ ಒಂದು ಪದದಲ್ಲೇ ತಿಳಿದುಬಿಡುತ್ತದೆ. ಅನುವಾದದ ಕೆಲಸಕ್ಕೆಂದು ಚಂದಾ ಕಟ್ಟಿ ಎಂಟು ತಿಂಗಳಿಂದ ಬಳಸುತ್ತಿರುವ ಇಂಗ್ಲಿಷ್–ಕನ್ನಡ ನಿಘಂಟು ಆ್ಯಪ್ ಒಂದನ್ನು ಇಲ್ಲಿ ಅದೇ ಪದದ ಮೂಲಕ ಪರಿಶೀಲಿಸಿದ್ದೇನೆ.

ಆ್ಯಪ್ ಅರ್ಥಗಳನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿದೆ. ಕಾರು ಓಡಿಸುವುದು ಮೊದಲು, ಒಬ್ಬರನ್ನು ಕಾರಿನಲ್ಲಿ ಕರೆದೊಯ್ದು ಬಿಡುವುದು ಎರಡನೆಯದು, ಮೊಳೆ ಹೊಡೆಯುವುದು ಎಲ್ಲೋ ನಡುವೆ, ದನ ಅಟ್ಟುವುದು ಬಹುತೇಕ ಕೊನೆಯಲ್ಲಿ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಈ ಕ್ರಮ ಸಾಮಾನ್ಯವೇ ಆದರೂ, ಈ ಪದದ ಮಟ್ಟಿಗೆ ಅದರಿಂದ ನಷ್ಟವಾಗಿದೆ. ಜರ್ಮನಿಯ ಎಂಜಿನಿಯರ್ ಕಾರ್ಲ್ ಬೆನ್ಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ‘ಡ್ರೈವ್’ ಪದಕ್ಕಾದರೋ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಹಳೆಯ ಇಂಗ್ಲಿಷಿನಲ್ಲಿ ಅದು ‘ಡ್ರೀಫಾನ್’ ಆಗಿತ್ತು, ಜರ್ಮನ್ ಭಾಷೆಯ ‘ಟ್ರೈಬನ್’ ಅದರ ದಾಯಾದಿ. ಹಿಂದಿನಿಂದ ಬಲ ಹಾಕಿ ಮುಂದಕ್ಕೆ ಸಾಗಿಸುವುದು ಅದರ ಬೇರು. ಈ ಬೇರನ್ನು ಮೊದಲೇ ತೋರಿಸಿದ್ದರೆ ದನ, ಬಂಡಿ, ಮೊಳೆ, ಕ್ರಿಕೆಟ್ ಚೆಂಡು, ಗಾಳಿಯ ಜೊತೆ ಬರುವ ಎರಚಲು ಮಳೆ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತಿದ್ದವು. ಈಗ ಅವು ಒಂದಕ್ಕೊಂದು ಸಂಬಂಧವಿಲ್ಲದ ಪಟ್ಟಿಯಾಗಿ ಉಳಿದಿವೆ.

ಕನ್ನಡ ಓದುಗರಿಗೆ ಈ ದಾರವನ್ನು ತೋರಿಸುವುದು ಕಷ್ಟವೂ ಅಲ್ಲ. ನಮ್ಮ ‘ಹೊಡೆ’ ಎಂಬ ಧಾತು ಅಚ್ಚರಿಯೆನಿಸುವಷ್ಟು ಇದೇ ಹಾದಿಯಲ್ಲಿ ನಡೆದಿದೆ: ನಾವು ದನ ಹೊಡೆದುಕೊಂಡು ಹೋಗುತ್ತೇವೆ, ಗಾಡಿ ಹೊಡೆಯುತ್ತೇವೆ, ಮೊಳೆ ಹೊಡೆಯುತ್ತೇವೆ, ಚೆಂಡು ಹೊಡೆಯುತ್ತೇವೆ. ಆದರೆ ಆ್ಯಪ್ ‘ಚಾಲನೆ ಮಾಡು’, ‘ಚಲಾಯಿಸು’ ಎಂಬ ಎರಡು ಗ್ರಾಂಥಿಕ ಪದಗಳನ್ನೇ ಮುಂದಿಟ್ಟಿದೆ. ‘ಹೊಡೆ’ ಮೊಳೆಯ ಬಳಿ ಒಮ್ಮೆ ಮಾತ್ರ ಕಾಣಿಸುತ್ತದೆ. ದ್ವಿಭಾಷಾ ನಿಘಂಟೊಂದು ಮಾಡಬೇಕಾದ ಮುಖ್ಯ ಕೆಲಸವೇ ಇಲ್ಲಿ ತಪ್ಪಿಹೋಗಿದೆ ಎಂದು ನನಗನ್ನಿಸುತ್ತದೆ.

ಮನಸ್ಸಿಗೆ ಸಂಬಂಧಿಸಿದ ಬಳಕೆಗಳಲ್ಲಿ ಮಾತ್ರ ಈ ಆ್ಯಪ್ ನಿಜಕ್ಕೂ ಮೆಚ್ಚುವಂತಿದೆ. ಹಸಿವು ಒಬ್ಬನನ್ನು ಕಳ್ಳತನಕ್ಕೆ ‘ದೂಡಿತು’, ಗದ್ದಲ ಇನ್ನೊಬ್ಬರಿಗೆ ‘ತಲೆ ಕೆಡಿಸಿತು’, ಭಾಷಣಕಾರರು ತಮ್ಮ ಮಾತನ್ನು ‘ಮನದಟ್ಟು ಮಾಡಿದರು’ ಎಂದು ಪ್ರತಿಯೊಂದು ಸಂದರ್ಭಕ್ಕೂ ಬೇರೆ ಬೇರೆ ಕನ್ನಡ ಕ್ರಿಯಾಪದವನ್ನು ಆರಿಸಿ, ಪೂರ್ಣ ವಾಕ್ಯದಲ್ಲಿಟ್ಟು ತೋರಿಸಿದ್ದಾರೆ. ‘ವಾಟ್ ಆರ್ ಯು ಡ್ರೈವಿಂಗ್ ಆ್ಯಟ್’ ಎಂಬುದಕ್ಕೆ ‘ನಿಮ್ಮ ಮಾತಿನ ಇಂಗಿತವೇನು’ ಎಂದು ಕೊಟ್ಟಿರುವುದನ್ನು ಓದಿದಾಗ, ಅಲ್ಲಿ ಕುಳಿತು ಕೆಲಸ ಮಾಡಿದವರಿಗೆ ಕನ್ನಡದ ಕಿವಿ ಚೆನ್ನಾಗಿಯೇ ಇದೆ ಎಂಬ ಭರವಸೆ ಮೂಡಿತು. ಮೊದಲ ಅರ್ಥಗಳನ್ನು ಬರೆದವರು ಬೇರೆಯವರೇನೋ.

ಇನ್ನು ಕನ್ನಡಿಗರು ದಿನವೂ ಎಡವುವ ಜಾಗದಲ್ಲಿ ಒಂದು ಸೂಚನೆಯೂ ಇಲ್ಲ. ನಮಗೆ ಕಾರನ್ನೂ ಬೈಕನ್ನೂ ‘ಓಡಿಸು’ ಎಂಬ ಒಂದೇ ಪದ ಸಾಕಾಗುವುದರಿಂದ ಇಂಗ್ಲಿಷಿನಲ್ಲಿಯೂ ‘ಡ್ರೈವ್ ಎ ಬೈಕ್’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಕುದುರೆ, ಸೈಕಲ್, ಮೋಟಾರ್ ಸೈಕಲ್ ಇವುಗಳ ಬೆನ್ನೇರಿ ಕೂರುವುದರಿಂದ ಅದು ‘ರೈಡ್’ ಆಗುತ್ತದೆ. ಕಾರು, ಲಾರಿ, ರೈಲುಗಳನ್ನು ನಡೆಸುವುದು ‘ಡ್ರೈವ್’, ವಿಮಾನವನ್ನು ನಡೆಸುವುದು ‘ಫ್ಲೈ’. ನಾಲ್ಕು ಸಾಲಿನ ಒಂದು ಟಿಪ್ಪಣಿ ಈ ತಪ್ಪನ್ನು ತಡೆಯುತ್ತಿತ್ತು. ಹಾಗೆಯೇ ‘ಡ್ರೋವ್’ ಎಂದು ಹುಡುಕಿದರೆ ಆ್ಯಪ್ ನೇರವಾಗಿ ಭೂತಕಾಲದ ರೂಪಕ್ಕೆ ಕರೆದೊಯ್ಯುತ್ತದೆ. ಅಟ್ಟಿಕೊಂಡು ಹೋಗುವ ದನಗಳ ಹಿಂಡಿಗೂ ಅದೇ ಹೆಸರಿದೆ ಎಂಬುದು ಎಲ್ಲಿಯೂ ಸಿಗುವುದಿಲ್ಲ.

ನಾಮಪದದ ಭಾಗ ಸಾಧಾರಣವಾಗಿದೆ. ಅಭಿಯಾನ, ಛಲ, ಕಂಪ್ಯೂಟರಿನ ಡ್ರೈವ್ ಇವೆಲ್ಲ ಇವೆ, ಆದರೆ ಡಿಸ್ಕನ್ನು ತಿರುಗಿಸುವ ಯಂತ್ರಭಾಗದಿಂದ ಬಂದ ಆ ಹೆಸರು ಏನೂ ತಿರುಗದ ಪೆನ್ ಡ್ರೈವಿಗೂ ಹೇಗೆ ಅಂಟಿಕೊಂಡಿತೆಂಬ ವಿವರಣೆಯಿಲ್ಲ. ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದೆ, ಇಂಟರ್ನೆಟ್ ಇಲ್ಲದಾಗಲೂ ಪದಗಳು ತೆರೆದುಕೊಳ್ಳುತ್ತವೆ.

ಅನುವಾದಕರು ನುಡಿಗಟ್ಟುಗಳಿಗಾಗಿ ಈ ಆ್ಯಪನ್ನು ಧೈರ್ಯವಾಗಿ ಕೊಳ್ಳಬಹುದು; ನಾನೂ ಚಂದಾ ಮುಂದುವರಿಸುತ್ತೇನೆ. ಹೊಸದಾಗಿ ಇಂಗ್ಲಿಷ್ ಕಲಿಯುತ್ತಿರುವವರು ಮಾತ್ರ ‘ಡ್ರೈವ್’ ಮತ್ತು ‘ರೈಡ್’ ಎರಡನ್ನೂ ಒಟ್ಟಿಗೆ ವಿವರಿಸುವ ಬೇರೊಂದು ನಿಘಂಟನ್ನು ಜೊತೆಗೆ ಇಟ್ಟುಕೊಳ್ಳಬೇಕಾಗುತ್ತದೆ.